ಕಿಲುಬು ಹಿಡಿದ ಕಂಪ್ಯೂಟರ್

ಹೊಳಲ್ಕೆರೆಯ ನಮ್ಮ ಮನೆಯ ಅಟ್ಟದಲ್ಲಿ, ಅಪ್ಪ ಡಿಟಿಪಿ ಕೆಲಸಕ್ಕೆ ಬಳಸುತ್ತಿದ್ದ 386 ಕಂಪ್ಯೂಟರ್ ಇತ್ತು. ಅವರು ಹೋದ ಮೇಲೆ 20 ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಮೊನ್ನೆ ಬಿಚ್ಚಿದರೆ ಮದರ್‌ಬೋರ್ಡಿನ ತುಂಬ ಹಸಿರು ಕಿಲುಬು. ಗಡಿಯಾರ ನಿಲ್ಲದಿರಲೆಂದು ಕೂರಿಸಿದ್ದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಅದರ ಕ್ಷಾರ ತಾಮ್ರದ ಗೆರೆಗಳನ್ನು ತಿಂದಿತ್ತು.

‘ಬೇರೆ ಬೋರ್ಡು ಹಾಕಿದರೆ ಓಡುತ್ತೆ ಸಾರ್’ ಎಂದರು ಚಿತ್ರದುರ್ಗದ ರಿಪೇರಿಯವರು. ‘ಹಾಕಿಸಿಬಿಡು ಅಣ್ಣಾ’ ಎಂದಳು ತಂಗಿ.

ನಾನು ಒಪ್ಪಲಿಲ್ಲ. ಆ ಕಿಲುಬು ಬ್ಯಾಟರಿಯದಷ್ಟೇ ಅಲ್ಲ, ನಮ್ಮ ಅಸಡ್ಡೆಯದೂ ಹೌದು. ಅಂದೇ ಬ್ಯಾಟರಿ ಕಿತ್ತಿದ್ದರೆ ಸಾಕಿತ್ತು. ಈಗ ಹೊಸದಾಗಿ ಮಾಡಿಸುವ ಆಸೆಯಲ್ಲಿ ಅಪ್ಪನ ಮೇಲಿನ ಪ್ರೀತಿ ಎಷ್ಟು, ನಮ್ಮ ತಪ್ಪನ್ನು ಅಳಿಸುವ ಆತುರ ಎಷ್ಟು?

ಹಾಗಂತ ಕೊಳೆಯಲು ಬಿಡುವುದೂ ಸರಿಯಲ್ಲ. ದುರ್ಗದ ಕೋಟೆಯಲ್ಲಿ ಉಳಿದ ಗೋಡೆ ಬೀಳದಂತೆ ಕಾಯುತ್ತಾರೆ. ಬಿದ್ದ ಅರಮನೆಯನ್ನು ಹೊಸದಾಗಿ ಕಟ್ಟಿ ಹಳೆಯದೆನ್ನುವುದಿಲ್ಲ. ನಾವೂ ಬ್ಯಾಟರಿ ಕಿತ್ತು, ವಿನೆಗರ್ ಸವರಿ, ತೊಳೆದು ಒಣಗಿಸಿದೆವು. ಹಾರ್ಡ್ ಡಿಸ್ಕಿನಿಂದ ಸಿಕ್ಕಷ್ಟು ನಕಲು ಮಾಡಿಕೊಂಡೆವು: ಊರಿನವರ ಲಗ್ನಪತ್ರಿಕೆ, ಅಪ್ಪ ಅರ್ಧಕ್ಕೆ ಬಿಟ್ಟ ಒಂದು ಕಾಗದ.

ಯಂತ್ರ ಓಡುವುದಿಲ್ಲ. ಹಾಳಾಗುವುದು ಮಾತ್ರ ನಿಂತಿದೆ. ‘ಅಪ್ಪ ಇದ್ದಿದ್ದರೆ ಓಡಿಸ್ತಿದ್ದರು’ ಎನ್ನುತ್ತಾಳೆ ತಂಗಿ. ಆ ಮಾತಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.