ಚೀಟಿ ಕಳೆದ ಚೀಲ

ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರಸ್ತೆಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗಳಿವೆ. ಒಳಗೆ ಹೋದ ಚೀಲ ತಿಂಗಳುಗಟ್ಟಲೆ ಅಲ್ಲೇ ಇರಬಹುದು. ರೈತ ಅದಕ್ಕಾಗಿ ನಿದ್ದೆಗೆಡುವುದಿಲ್ಲ. ಅವನ ಕಿಸೆಯಲ್ಲಿ ರಸೀದಿ ಇದೆ, ಚೀಲದ ಮೇಲೆ ಗುರುತು ಇದೆ. ಮಾಲು ಎಲ್ಲಿದ್ದರೂ ಯಾರದೆಂಬುದು ಖಾತ್ರಿ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಊರಿನ ವಾಚನಾಲಯವನ್ನು ಸೋರುವ ಹಳೆ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸಾಗಿಸುವ ಕೆಲಸಕ್ಕೆ ನಾವೂ ಕೈ ಹಚ್ಚಿದ್ದೆವು. ಪೆಟ್ಟಿಗೆಗಳಿರಲಿಲ್ಲ. ಯಾರೋ ಖಾಲಿ ಮೆಣಸಿನಕಾಯಿ ಚೀಲ ತಂದರು. ಪುಸ್ತಕ ತುಂಬುವವರೂ ಸೀನಿದರು, ಇಳಿಸುವವರೂ ಸೀನಿದರು. ಒಂದೇ ದಿನದಲ್ಲಿ ಕೆಲಸ ಮುಗಿಯಿತೆಂದು ಹಿಗ್ಗಿದೆವು. ತಿಂಗಳ ನಂತರ ಒಬ್ಬರು ಬಂದು ಕೇಳಿದರು: ‘ನಮ್ಮಪ್ಪಾರು ಕೊಟ್ಟಿದ್ದ ಪುಸ್ತಕ ಯಾವ ಕಪಾಟಿನ್ಯಾಗ ಅದಾವ್ರೀ?’ ಪುಸ್ತಕಗಳಿದ್ದವು. ಕೊಟ್ಟವರ ಹೆಸರು ಬರೆದಿದ್ದ ರಿಜಿಸ್ಟರ್ ಇರಲಿಲ್ಲ. ಅದು ಹಳೆ ಕಟ್ಟಡದ ಕಸದೊಂದಿಗೆ ಹೋಗಿತ್ತು. ‘ಎಲ್ಲಾ ಇಲ್ಲೇ ಅದಾವ್ರೀ’ ಎಂದೆವು. ಅವರು ಕಪಾಟುಗಳ ಕಡೆ ಒಮ್ಮೆ ನೋಡಿ ಹೊರಟುಹೋದರು.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಪುಸ್ತಕಭಂಡಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದವರು ಬಿಟ್ಟುಬಂದ ಊರಿಗೆ ಏನು ಸಾಲ ಉಳಿಸಿಕೊಳ್ಳುತ್ತಾರೆ? ಒಯ್ದದ್ದರಿಂದಲೇ ಪುಸ್ತಕ ಉಳಿಯಿತು ಎಂದರೆ ಆ ಸಾಲ ತೀರಿದಂತೆಯೇ?

ಇದಕ್ಕೆ ದೂರ ಹೋಗಬೇಕಿಲ್ಲ. ಹಾವೇರಿ ದಾಟಿದರೆ ಸವಣೂರು. ವೀಳ್ಯದೆಲೆ, ಖಾರ, ದೊಡ್ಡಹುಣಸೆ ಮರಗಳಿಗೆ ಹೆಸರಾದ ಊರು. ಪುಸ್ತಕಗಳಿಗೂ ಅದಕ್ಕೂ ನಂಟಿತ್ತೆಂದರೆ ಇಂದು ನಂಬುವವರು ಕಡಿಮೆ. ಅಲ್ಲಿನ ನವಾಬರು ಪಠಾಣರು. ಹೈದರಾಲಿ ಮೊದಲು ಅವರನ್ನು ಸೋಲಿಸಿದ, ಆಮೇಲೆ 1779ರಲ್ಲಿ ಅವರೊಂದಿಗೆ ಬೀಗತನ ಬೆಳೆಸಿದ. ಮಗಳನ್ನು ನವಾಬನ ಮಗನಿಗೆ ಕೊಟ್ಟ, ನವಾಬನ ಮಗಳನ್ನು ತನ್ನ ಮಗನಿಗೆ ತಂದುಕೊಂಡ. ಏಳು ವರ್ಷಗಳ ನಂತರ, 1786ರಲ್ಲಿ, ಮರಾಠರೊಂದಿಗಿನ ಯುದ್ಧದಲ್ಲಿ ಟಿಪ್ಪು ಸುಲ್ತಾನ ಅದೇ ಸವಣೂರಿಗೆ ನುಗ್ಗಿದ. ನವಾಬ ಅಬ್ದುಲ್ ಹಕೀಂ ಖಾನ್ ಮರಾಠರ ಪಾಳೆಯಕ್ಕೆ ಓಡಿದ. ಅರಮನೆ ಲೂಟಿಯಾಯಿತು.

ಹದಿಮೂರು ವರ್ಷಗಳ ನಂತರ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಲೂಟಿಗಿಳಿದವರ ಕೈಗೆ ಚಿನ್ನ, ರತ್ನಗಳೊಂದಿಗೆ ಒಂದು ಗ್ರಂಥಾಲಯವೂ ಸಿಕ್ಕಿತು. ಅರಬ್ಬಿ, ಪಾರ್ಸಿ, ದಖನಿ ಭಾಷೆಗಳ ಸುಮಾರು ಎರಡು ಸಾವಿರ ಹಸ್ತಪ್ರತಿಗಳು. ಕುರ್‌ಆನ್ ವ್ಯಾಖ್ಯಾನ, ಸೂಫಿ ಗ್ರಂಥ, ಚರಿತ್ರೆ, ವೈದ್ಯ, ಕಾವ್ಯ ಎಲ್ಲವೂ ಇದ್ದವು. ಬಹುಪಾಲು ಕಲಕತ್ತೆಗೆ ಹೋಗಿ ಹೊಸದಾಗಿ ತೆರೆದಿದ್ದ ಫೋರ್ಟ್ ವಿಲಿಯಂ ಕಾಲೇಜು ಸೇರಿತು. ಕೆಲವು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಹೋದವು. ಕಾಲೇಜು ಕ್ಷೀಣಿಸಿದ ಮೇಲೆ ಅಲ್ಲಿದ್ದವು ಮತ್ತೆ ಹಂಚಿಹೋದವು. ಒಂದು ಪಾಲು ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಗೆ, ದೊಡ್ಡ ಪಾಲು ಲಂಡನ್ನಿನ ಕಂಪೆನಿ ಗ್ರಂಥಾಲಯಕ್ಕೆ. ಆ ಗ್ರಂಥಾಲಯ ಮುಂದೆ ಇಂಡಿಯಾ ಆಫೀಸಿನದಾಯಿತು, 1982ರಲ್ಲಿ ಬ್ರಿಟಿಷ್ ಲೈಬ್ರರಿಯ ಭಾಗವಾಯಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಶ್ರೀರಂಗಪಟ್ಟಣದಿಂದ ಶುರುಮಾಡುತ್ತೇವೆ. ಹಾಗೆ ಮಾಡಿದರೆ ಕಳ್ಳ ಒಬ್ಬನೇ, ಅವನು ಬಿಳಿಯ. ನಮಗೂ ಅದು ಹಿತವಾದ ಕಥೆ. ಆದರೆ ಈ ಹಸ್ತಪ್ರತಿಗಳ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದ ಚಾರ್ಲ್ಸ್ ಸ್ಟೀವರ್ಟ್ ಮುನ್ನುಡಿಯಲ್ಲೇ ಇನ್ನೊಂದು ಮಾತು ಹೇಳಿದ್ದಾನೆ. ಟಿಪ್ಪುವಾಗಲಿ ಅವನ ತಂದೆಯಾಗಲಿ ದುಡ್ಡು ಕೊಟ್ಟು ಕೊಂಡವು ಬಹಳ ಕಡಿಮೆ. ಸವಣೂರು, ಕಡಪ, ಕರ್ನಾಟಿಕ್ ಪ್ರಾಂತಗಳ ಲೂಟಿಯಲ್ಲಿ ಬಂದವೇ ಹೆಚ್ಚು ಎಂದು. ಸ್ಟೀವರ್ಟ್ ಕಂಪೆನಿಯ ಅನ್ನ ಉಂಡವನು. ಟಿಪ್ಪುವೂ ಲೂಟಿಕೋರನೇ ಎಂದು ತೋರಿಸಿದರೆ ತನ್ನ ಧಣಿಗಳ ಲೂಟಿ ಹಗುರವಾಗುತ್ತದೆಂಬ ಲೆಕ್ಕ ಅವನಿಗಿದ್ದಿರಬಹುದು. ಆದರೂ ಮಾತನ್ನು ತಳ್ಳಿಹಾಕುವಂತಿಲ್ಲ. ಹೊತ್ತಿಗೆಗಳ ಒಳಪುಟಗಳಲ್ಲಿ ಹಿಂದಿನ ಒಡೆಯರ ಮೊಹರುಗಳು ಇಂದಿಗೂ ಇವೆ. ಬಿಜಾಪುರದ ಆದಿಲ್‌ಶಾಹಿಗಳ ಕೈದಾಟಿ ಬಂದವೂ ಅವುಗಳಲ್ಲಿವೆ.

ಟಿಪ್ಪು ಅನೇಕ ಹೊತ್ತಿಗೆಗಳಿಗೆ ಹೊಸ ರಟ್ಟು ಕಟ್ಟಿಸಿದ. ರಟ್ಟಿನ ಮೇಲೆ ಅಲ್ಲಾಹನ ಹೆಸರು, ಪ್ರವಾದಿಯವರ ಮತ್ತು ಅವರ ಮನೆಯವರ ಹೆಸರು, ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರು, ಜೊತೆಗೆ ‘ಸರ್ಕಾರೆ ಖುದಾದಾದ್’, ಅಂದರೆ ದೇವರು ಕೊಟ್ಟ ಸರ್ಕಾರ. ಸುಂದರ ಕೆಲಸ, ಅದರಲ್ಲಿ ಅನುಮಾನವಿಲ್ಲ. ಪುಸ್ತಕಗಳನ್ನು ಅವನು ಪ್ರೀತಿಸಿದ್ದನೆಂಬುದರಲ್ಲೂ ಇಲ್ಲ. ಆದರೆ ಸವಣೂರಿನ ನವಾಬನ ಮನೆಯಿಂದ ಬಂದ ಪುಸ್ತಕವನ್ನು ದೇವರು ಕೊಟ್ಟದ್ದೆಂದು ಹೇಳಬಹುದೇ? ರಟ್ಟು ಬದಲಾದರೆ ಒಡೆಯ ಬದಲಾಗುತ್ತಾನೆಯೇ?

ಟಿಪ್ಪುವಿನ ಹೆಸರು ಬಂದೊಡನೆ ಕತ್ತಿ ಹಿರಿಯುವವರು ಎರಡೂ ಕಡೆ ಇರುವ ಕಾಲದಲ್ಲಿ ಇದನ್ನು ಬರೆಯುವುದು ಸುಲಭವಲ್ಲ. ಬೇಕಾದವರು ಇದರಿಂದ ಒಂದೇ ಸಾಲು ಕಿತ್ತುಕೊಂಡು ಬೇರೆಡೆ ಅಂಟಿಸಬಹುದು. ಅಂಥವರಿಗೆ ಹೆದರಿ ಸವಣೂರಿನ ಹೆಸರನ್ನು ನುಂಗಿಕೊಂಡರೆ, ನಾವೂ ಇನ್ನೊಂದು ರಟ್ಟು ಕಟ್ಟಿದಂತೆ. ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತವನ ಮೇಲಿನ ಗೌರವಕ್ಕೆ ಈ ಸುಳ್ಳಿನ ಆಸರೆ ಬೇಕಿಲ್ಲ.

ನಮ್ಮ ಪರಂಪರೆಯಲ್ಲಿ ಪುಸ್ತಕವನ್ನು ವಕ್ಫ್ ಮಾಡುವಾಗ ಮೊದಲ ಪುಟದಲ್ಲೇ ಷರತ್ತು ಬರೆಯುವ ರೂಢಿಯಿತ್ತು. ಮಾರಬಾರದು, ದಾನ ಕೊಡಬಾರದು. ಕೆಲವೆಡೆ ಈ ಜಾಗದಿಂದ ಹೊರಗೆ ಒಯ್ಯಲೂಬಾರದು. ಹಾಗಾದರೆ ಜಾಗವೇ ಪಾಳುಬಿದ್ದರೆ? ಫಿಕ್ಹ್ ಪಂಡಿತರು ಇದನ್ನೂ ಚರ್ಚಿಸಿದ್ದಾರೆ. ಓದುವವರೇ ಇಲ್ಲದ ಕಡೆ ಗೆದ್ದಲಿಗೆ ಬಿಡಲು ಪುಸ್ತಕವನ್ನು ಯಾರೂ ವಕ್ಫ್ ಮಾಡುವುದಿಲ್ಲ. ಸಾಗಿಸುವುದೇ ತಪ್ಪೆಂದು ನಾವೂ ಹೇಳುತ್ತಿಲ್ಲ. ಸವಣೂರಿನಲ್ಲೇ ಇದ್ದಿದ್ದರೆ ಆ ಹಸ್ತಪ್ರತಿಗಳೆಲ್ಲ ಉಳಿಯುತ್ತಿದ್ದವೆಂದು ಆಣೆಯಿಟ್ಟು ಹೇಳಲಾರೆವು. ಆದರೆ ಉಳಿಸಿದವನು ಒಡೆಯನಾಗುವುದಿಲ್ಲ, ಕಾಯುವವನಾಗುತ್ತಾನೆ. ಅಮಾನತ್ ಎಂಬುದರ ಅರ್ಥವೇ ಅದು: ನಂಬಿ ಒಪ್ಪಿಸಿದ್ದನ್ನು ಕಾಯುವುದು. (ಕನ್ನಡಕ್ಕೆ ಬಂದ ಈ ಮಾತು ಕಚೇರಿಗಳಲ್ಲಿ ನೌಕರರನ್ನು ಮನೆಗೆ ಕಳಿಸುವ ಶಿಕ್ಷೆಯಾಗಿರುವುದು ಬೇರೆ ಕಥೆ.) ಕಿತ್ತು ತಂದದ್ದನ್ನು ಕಾದರೂ ಕಾವಲುಗಾರನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಲಂಡನ್ ನಾಳೆ ಮನಸ್ಸು ಮಾಡಿ ಪೆಟ್ಟಿಗೆಗಳನ್ನು ಕಳಿಸಿದರೆ ಎಲ್ಲಿಗೆ ಬರಬೇಕು? ಶ್ರೀರಂಗಪಟ್ಟಣಕ್ಕೋ, ಸವಣೂರಿಗೋ, ಕಡಪಕ್ಕೋ, ಆದಿಲ್‌ಶಾಹಿ ಮೊಹರಿನವು ವಿಜಯಪುರಕ್ಕೋ? ಒಂದೊಂದೇ ಪುಟ ತೆರೆದು, ಮೊಹರು ಓದಿ, ಈ ಹೊತ್ತಿಗೆ ಯಾವ ಯಾವ ಊರು ದಾಟಿತೆಂದು ಬರೆಯದೆ ಉತ್ತರ ಸಿಗದು. ಆ ಕೆಲಸ ಲಂಡನ್ನಿನಲ್ಲಿ ಸ್ವಲ್ಪ ನಡೆದಿದೆ, ಅದನ್ನು ಒಪ್ಪಲೇಬೇಕು. ಆದರೆ ಪಾರ್ಸಿ ಮೊಹರು ಓದಬಲ್ಲವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಗಣಕಯಂತ್ರದಲ್ಲಿ ಚಿತ್ರ ನೋಡಿದರೆ ಸಾಲದೇ ಎನ್ನುವವರೂ ಇದ್ದಾರೆ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕ ವ್ಯವಸ್ಥೆಗೆ ಕನ್ನಗಳ್ಳರು ಹೊಕ್ಕಾಗ ಪಟ್ಟಿಯೂ ಚಿತ್ರಗಳೂ ತಿಂಗಳುಗಟ್ಟಲೆ ಕಾಣದಾದವು. ಪ್ರತಿಯನ್ನೂ ಒಬ್ಬರ ಮನೆಯಲ್ಲೇ ಇಟ್ಟರೆ ಅದು ಪ್ರತಿಯಾಗುವುದಿಲ್ಲ.

ಇತರರಿಂದ ಕೇಳುವುದನ್ನು ನಾವೂ ಕೊಡಬೇಕಾಗುತ್ತದೆ. ಪುರಾತತ್ವ ಇಲಾಖೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಕಲ್ಲುಗಳು ಊರುಗಳಲ್ಲೇ ಇದ್ದವು, ಕಾಗದದ ಮೇಲೆ ತೆಗೆದ ಪಡಿಯಚ್ಚುಗಳು ಬಂದವು. ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸಬೇಕೆಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದಾಗ ನಮ್ಮಲ್ಲಿ ಎಷ್ಟು ಜನ ಅದನ್ನು ನ್ಯಾಯವೆಂದು ಎಣಿಸಿದೆವು? ಲಂಡನ್ನಿಗೆ ಒಂದು ತಕ್ಕಡಿ, ಮೈಸೂರಿಗೆ ಇನ್ನೊಂದು ಎಂದರೆ ಹೇಗೆ?

ಮೋಟೆಬೆನ್ನೂರಿನವರಿಗೆ ಈ ಮಾತು ಸುಲಭವಾಗಿ ತಿಳಿದೀತು. ದಂಡಿಯ ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿಯೊಂದಿಗೆ ನಡೆದ ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು ಈ ಊರಿನಲ್ಲಿ, 1943ರಲ್ಲಿ ಗುಂಡಿಗೆ ಬಿದ್ದದ್ದು ಹೊಸರಿತ್ತಿಯಲ್ಲಿ, ಸ್ಮಾರಕ ಇರುವುದು ಹಾವೇರಿಯಲ್ಲಿ. ಇದಕ್ಕಾಗಿ ಯಾರೂ ಜಗಳವಾಡಿದ್ದನ್ನು ನಾವು ಕೇಳಿಲ್ಲ. ಎಲ್ಲಿ ಅವರ ಕಥೆ ಹೇಳಿದರೂ ಮೋಟೆಬೆನ್ನೂರಿನ ಹೆಸರು ಬಿಡುವುದಿಲ್ಲ.

ಆ ವಾಚನಾಲಯದ ರಿಜಿಸ್ಟರ್ ಸಿಗಲೇ ಇಲ್ಲ. ಮೂರ್ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು, ಒಂದೊಂದೇ ಪುಸ್ತಕ ತೋರಿಸಿ, ಕೊಟ್ಟವರ ಹೆಸರನ್ನು ಒಳಪುಟದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾ ಹೋದೆವು. ಖಾತ್ರಿ ಇಲ್ಲದ ಕಡೆ ಪ್ರಶ್ನೆಚಿಹ್ನೆ ಹಾಕಿದೆವು. ಪ್ರಶ್ನೆಚಿಹ್ನೆಗಳೇ ಹೆಚ್ಚಾಗಿವೆ. ಅಪ್ಪನ ಪುಸ್ತಕ ಕೇಳಿಕೊಂಡು ಬಂದಿದ್ದವರಿಗೆ ಈವರೆಗೆ ಎರಡು ಸಿಕ್ಕಿವೆ.