ಸೂರ್ಯ ಮತ್ತು ತಕ್ಕಡಿ

ನಿಮ್ಮೂರಿನ ಸರ್ಕಾರಿ ಶಾಲೆಯ ತಾರಸಿಯಲ್ಲಿ ಸೌರಫಲಕ ಅಳವಡಿಸಲು ಟೆಂಡರ್ ಕರೆಯಲಾಗಿದೆ ಎಂದಿಟ್ಟುಕೊಳ್ಳಿ. ನೀವು ಎಲೆಕ್ಟ್ರಿಕಲ್ ಅಂಗಡಿಯಿಟ್ಟಿರುವ, ನಾಲ್ಕು ಮಂದಿ ಕೆಲಸಗಾರರಿರುವ ಒಬ್ಬ ಸಣ್ಣ ಉದ್ಯಮಿ. ರಾತ್ರಿ ಕುಳಿತು ಲೆಕ್ಕ ಹಾಕಿದಿರಿ. ಪ್ರಾಮಾಣಿಕವಾಗಿ ಕೆಲಸ ಮಾಡುವುದಾದರೆ ಇಂತಿಷ್ಟು ಬೆಲೆಗಿಂತ ಕೆಳಗಿಳಿಯಲು ಸಾಧ್ಯವಿಲ್ಲ. ಆದರೆ ಇನ್ನೊಬ್ಬನು ಅದಕ್ಕಿಂತ ಕಡಿಮೆ ಬೆಲೆ ನಮೂದಿಸುತ್ತಾನೆಂಬುದು ನಿಮಗೆ ಗೊತ್ತು. ಹೇಗೆ ಸಾಧ್ಯವಾಗುತ್ತದೆಂಬುದೂ ಗೊತ್ತು: ಬೇಗನೆ ತುಕ್ಕು ಹಿಡಿಯುವ ತೆಳು ಕಬ್ಬಿಣದ ಚೌಕಟ್ಟು, ನಿಗದಿಗಿಂತ ಸಣ್ಣ ತಂತಿ, ಹೆಸರಿಗೆ ಮಾತ್ರ ನೆಲದಲ್ಲಿ ಹೂತ ಅರ್ಥಿಂಗ್. ಈಗ ನೀವೇನು ಮಾಡುವಿರಿ?

ಈ ಪ್ರಶ್ನೆಗೆ ನಮ್ಮ ನಡುವೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಸರ್ಕಾರದ ಗುತ್ತಿಗೆಯೆಂದರೆ ಕೊಳಕು ವ್ಯವಹಾರ, ಧರ್ಮನಿಷ್ಠನು ಅತ್ತ ತಲೆ ಹಾಕಬಾರದು ಎಂಬುದು ಒಂದು. ಎಲ್ಲರೂ ಮಾಡುತ್ತಾರೆ, ಸರ್ಕಾರದ ಹಣ ಯಾರಪ್ಪನದು ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯಂತೆ ಕಾಣುತ್ತದೆ, ಎರಡನೆಯದು ಜಾಣತನದಂತೆ. ಆದರೆ ಎರಡರ ಬೇರೂ ಒಂದೇ. ಮಸೀದಿಯೊಳಗಿನ ಧರ್ಮಕ್ಕೆ ಸರ್ಕಾರಿ ಕಚೇರಿಯ ಮೇಜಿನ ಬಳಿ ಕೆಲಸವಿಲ್ಲ ಎಂಬ ತಪ್ಪು ಕಲ್ಪನೆಯೇ ಆ ಬೇರು.

ದೂರವಿರುವುದೇ ಸುರಕ್ಷಿತವೆನ್ನುವವರು ಒಂದು ವಿಷಯವನ್ನು ಗಮನಿಸಬೇಕು. 2025ರ ಜನವರಿಯಲ್ಲಿ ನಮ್ಮ ದೇಶದ ಸೌರವಿದ್ಯುತ್ ಸ್ಥಾಪಿತ ಸಾಮರ್ಥ್ಯ 100 ಗಿಗಾವ್ಯಾಟ್ ದಾಟಿತು. ರೈತರಿಗೆ ಸೌರಪಂಪು ಒದಗಿಸುವ ಕುಸುಮ್ ಯೋಜನೆ 2019ರಲ್ಲಿ ಬಂತು. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿಯೊಂದಿಗೆ ಆರಂಭವಾಯಿತು. 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಈ ಫಲಕಗಳನ್ನು ತಾರಸಿಗೇರಿಸಿ, ತಂತಿ ಎಳೆದು, ಐದು ವರ್ಷ ನಿರ್ವಹಣೆ ಮಾಡಬೇಕಾದವರು ದೊಡ್ಡ ಕಂಪೆನಿಗಳ ಮಾಲೀಕರಲ್ಲ, ಊರೂರಿನ ಸಣ್ಣ ಉದ್ಯಮಿಗಳು. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ ಶೇಕಡಾ 25ರಷ್ಟನ್ನು ಕಿರು ಹಾಗೂ ಸಣ್ಣ ಉದ್ದಿಮೆಗಳಿಂದ ಮಾಡಬೇಕೆಂಬ ನಿಯಮವಿದೆ. ಅದರಲ್ಲಿ ಶೇಕಡಾ 4 ಪರಿಶಿಷ್ಟ ಜಾತಿ, ಪಂಗಡಗಳ ಉದ್ಯಮಿಗಳಿಗೆ, ಶೇಕಡಾ 3 ಮಹಿಳೆಯರಿಗೆ ಮೀಸಲು. ಸಣ್ಣವನಿಗೆ ಮುಂಗಡ ಠೇವಣಿಯಿಂದ ವಿನಾಯಿತಿಯೂ ಇದೆ. ಪ್ರಾಮಾಣಿಕರೆಲ್ಲ ಹಿಂದೆ ಸರಿದರೆ ಈ ಅವಕಾಶ ಯಾರ ಕೈ ಸೇರುತ್ತದೆ? ಹಲಾಲ್ ಸಂಪಾದನೆಯ ಬಾಗಿಲನ್ನು ನಾವೇ ಮುಚ್ಚಿ, ಅದಕ್ಕೆ ದೇವಭಯವೆಂಬ ಹೆಸರಿಡುವುದು ಸರಿಯೇ?

ಇನ್ನು ಎರಡನೆಯ ಉತ್ತರಕ್ಕೆ ಬರೋಣ. ಪವಿತ್ರ ಕುರ್‌ಆನಿನ ಸೂರಃ ಅರ್ರಹ್ಮಾನ್‌ನ ಆರಂಭದ ಸೂಕ್ತಗಳನ್ನು ನೀವು ಎಷ್ಟೋ ಸಲ ಓದಿರಬಹುದು. ಸೂರ್ಯಚಂದ್ರರು ಒಂದು ಲೆಕ್ಕಕ್ಕೆ ಬದ್ಧರಾಗಿರುವುದನ್ನು ಅಲ್ಲಿ ಹೇಳಲಾಗಿದೆ. ಅದರ ಬೆನ್ನಿಗೇ ತಕ್ಕಡಿಯ ಪ್ರಸ್ತಾಪ ಬರುತ್ತದೆ. ತೂಕದಲ್ಲಿ ನ್ಯಾಯ ಪಾಲಿಸಬೇಕು, ಕಡಿತ ಮಾಡಬಾರದು ಎಂಬ ಆಜ್ಞೆ ಬರುತ್ತದೆ. ಸೂರ್ಯನಿಗೂ ಅಂಗಡಿಯ ತಕ್ಕಡಿಗೂ ಏನು ಸಂಬಂಧ? ಯಾವ ಒಡೆಯನು ಸೂರ್ಯನನ್ನು ಅವನ ಪಥದಿಂದ ಕದಲದಂತೆ ಇರಿಸಿದ್ದಾನೋ ಅವನೇ ನಿಮ್ಮ ಕೈಯ ತಕ್ಕಡಿಯೂ ಕದಲಬಾರದೆನ್ನುತ್ತಾನೆ. ಬೆಳಕನ್ನು ಅಲ್ಲಾಹನು ಯಾರಿಂದಲೂ ಬಿಲ್ಲು ಕೇಳದೆ ಎಲ್ಲರಿಗೂ ಸುರಿಸುತ್ತಾನೆ. ಆ ಬೆಳಕನ್ನು ಹಿಡಿದುಕೊಡುವ ಕೂಲಿಯಲ್ಲಿ ಮೋಸ ಮಾಡುವವನಿಗಿಂತ ಕೃತಘ್ನನು ಯಾರಿದ್ದಾನೆ?

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿವರ್ಯರು(ಸ) ಕೇಳಿದರು. ವಂಚಕನಿಗೂ ತಮಗೂ ಸಂಬಂಧವಿಲ್ಲವೆಂದು ಎಚ್ಚರಿಸಿದರು. ನಮ್ಮ ಕಾಲದ ತೇವದ ಧಾನ್ಯ ಎಲ್ಲಿದೆ? ಅದು ನೆಲದೊಳಗಿನ ಅರ್ಥಿಂಗ್‌ನಲ್ಲಿದೆ, ಬಣ್ಣ ಬಳಿದು ಮುಚ್ಚಿದ ಅಗ್ಗದ ಕಬ್ಬಿಣದಲ್ಲಿದೆ. ಸೌರಫಲಕದ ಆಯುಷ್ಯ ಸುಮಾರು 25 ವರ್ಷ. ತಪಾಸಣೆಗೆ ಬರುವ ಅಧಿಕಾರಿ ಅರ್ಧ ಗಂಟೆ ಇದ್ದು ಹೋಗುತ್ತಾನೆ. ಕರಾವಳಿಯ ಉಪ್ಪುಗಾಳಿಗೆ ಚೌಕಟ್ಟು ಕುಸಿಯುವ ಹೊತ್ತಿಗೆ ನಿಮ್ಮ ಬಿಲ್ಲು ಪಾಸಾಗಿ ವರ್ಷಗಳು ಕಳೆದಿರುತ್ತವೆ. ಆ ಮಧ್ಯೆ ಸಿಡಿಲು ಬಡಿದರೆ ಅದರ ಕೆಳಗೆ ಕುಳಿತಿರುವವರು ಮಕ್ಕಳು. ಕಾಗದದಲ್ಲಿ ನೀವು ಮುಕ್ತರು. ಅಲ್ಲಾಹನ ಮುಂದೆ?

ಸರ್ಕಾರದ ಹಣ ಯಾರದೂ ಅಲ್ಲವೆಂಬ ಮಾತನ್ನೂ ಪರಿಶೀಲಿಸೋಣ. ಖೈಬರ್‌ನಿಂದ ಹಿಂತಿರುಗುವಾಗ ಪ್ರವಾದಿಯವರ(ಸ) ಸೇವಕನೊಬ್ಬನು ಬಾಣ ತಗಲಿ ಮೃತನಾದ. ಅವನಿಗೆ ಹುತಾತ್ಮ ಪದವಿ ದೊರೆಯಿತೆಂದು ಜನರು ಸಂತೋಷಪಟ್ಟರು. ಆದರೆ ಹಂಚಿಕೆಗೆ ಮುಂಚೆ ಸಾರ್ವಜನಿಕ ಸೊತ್ತಿನಿಂದ ಅವನೆತ್ತಿಕೊಂಡ ಒಂದು ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಅದನ್ನು ಕೇಳಿದ ಇನ್ನೊಬ್ಬನು ತಾನು ತೆಗೆದುಕೊಂಡಿದ್ದ ಚಪ್ಪಲಿಯ ಪಟ್ಟಿಯನ್ನು ತಂದೊಪ್ಪಿಸಿದ. ಒಂದು ಪಟ್ಟಿಗೂ ಲೆಕ್ಕವಿದೆ ಎಂದಾಯಿತು.

ಸಹೋದರರೇ, ಇಲ್ಲಿರುವ ಅಪಾಯವನ್ನು ಅರಿತುಕೊಳ್ಳಿ. ಒಬ್ಬ ಗ್ರಾಹಕನಿಗೆ ಮೋಸ ಮಾಡಿದರೆ ಮುಂದೊಂದು ದಿನ ಅವನ ಮನೆ ಬಾಗಿಲಿಗೆ ಹೋಗಿ ಹಣ ಮರಳಿಸಿ ಕ್ಷಮೆ ಕೇಳಬಹುದು. ಮನುಷ್ಯರ ಹಕ್ಕನ್ನು ಮರಳಿಸದೆ ಪಶ್ಚಾತ್ತಾಪ ಪೂರ್ಣವಾಗುವುದಿಲ್ಲ. ಆದರೆ ಖಜಾನೆಗೆ ಮೋಸ ಮಾಡಿದವನು ಯಾರ ಬಾಗಿಲಿಗೆ ಹೋಗಬೇಕು? ಬೆಂಕಿಪೊಟ್ಟಣ ಕೊಳ್ಳುವಾಗ ತೆರಿಗೆ ತೆತ್ತ ಮುದುಕಿಯ ಬಾಗಿಲಿಗೋ? ಆ ಶಾಲೆಗೆ ಇನ್ನೂ ಸೇರಬೇಕಾಗಿರುವ ಮಗುವಿನ ಬಾಗಿಲಿಗೋ? ಹಣವನ್ನು ಖಜಾನೆಗೆ ಮರಳಿಸಬಹುದು, ಮರಳಿಸಲೇಬೇಕು. ಆದರೆ ಪ್ರತಿಯೊಬ್ಬರಿಂದಲೂ ಕ್ಷಮೆ ಪಡೆಯುವುದು ಈ ಲೋಕದಲ್ಲಿ ಯಾರಿಗೂ ಸಾಧ್ಯವಿಲ್ಲ. ಯಾರದೂ ಅಲ್ಲವೆಂದು ನಾವು ಭಾವಿಸಿದ ಹಣ ನಿಜವಾಗಿ ಎಲ್ಲರದು. ಪರಲೋಕದಲ್ಲಿ ಎಲ್ಲರೂ ವಾದಿಗಳಾಗಿ ನಿಂತರೆ ನಮ್ಮ ಯಾವ ಸತ್ಕರ್ಮ ಸಾಕಾದೀತು?

ಮೋಸಕ್ಕೆ ಹಲವು ವೇಷಗಳಿವೆ. ಕಡಿಮೆ ದರ್ಜೆಯ ಕೆಲಸ ಮಾಡುವ ಉದ್ದೇಶದಿಂದಲೇ ಕಡಿಮೆ ಬೆಲೆ ಬರೆಯುವವನು ಆ ಅಂಕಿ ಬರೆದ ಕ್ಷಣದಲ್ಲೇ ಸುಳ್ಳು ಕರಾರು ಮಾಡಿದ್ದಾನೆ. ಗೆಳೆಯನಿಗೆ ಗುತ್ತಿಗೆ ಸಿಗಲೆಂದು ಬೇಕೆಂದೇ ಹೆಚ್ಚು ಬೆಲೆಯ ಟೆಂಡರ್ ಹಾಕುವುದು, ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಿ ಕೂಗುವುದರ ಸೋದರ. ಅದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಈ ದೇಶದ 2002ರ ಸ್ಪರ್ಧಾ ಕಾಯ್ದೆಯೂ ಇಂತಹ ಒಳಒಪ್ಪಂದವನ್ನು ನಿಷೇಧಿಸುತ್ತದೆ. ಮಹಿಳಾ ಮೀಸಲಾತಿಯ ಲಾಭಕ್ಕಾಗಿ ಪತ್ನಿಯ ಹೆಸರಲ್ಲಿ ಉದ್ಯಮ ನೋಂದಾಯಿಸಿ, ಆಕೆಗೆ ಸಹಿ ಹಾಕುವ ಕೆಲಸ ಮಾತ್ರ ಕೊಡುವುದು, ದೊಡ್ಡ ಗುತ್ತಿಗೆದಾರನಿಗೆ ಸಣ್ಣ ಉದ್ದಿಮೆಯ ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದು, ಇವೆಲ್ಲ ಸುಳ್ಳು ಸಾಕ್ಷ್ಯದ ಪ್ರಕಾರಗಳೇ. ನಿಜವಾಗಿ ಸ್ವಂತ ಕಾಲ ಮೇಲೆ ನಿಲ್ಲಲು ಹೆಣಗುತ್ತಿರುವ ಇನ್ನೊಬ್ಬ ಸಹೋದರಿಯ ಪಾಲನ್ನು ಅವು ಕಸಿಯುತ್ತವೆ.

ಲಂಚದ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ಝಕಾತ್ ಸಂಗ್ರಹಿಸಿ ತಂದ ಒಬ್ಬನು ಅದರಲ್ಲೊಂದು ಭಾಗ ತನಗೆ ಬಂದ ಉಡುಗೊರೆಯೆಂದಾಗ, ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದರು. ಇದು ಪಡೆಯುವವನ ಮಾತಾಯಿತು. ಕೊಡುವವನದು? ಇಲ್ಲಿ ಎರಡು ಸನ್ನಿವೇಶಗಳನ್ನು ಬೇರ್ಪಡಿಸಬೇಕು. ಗುತ್ತಿಗೆ ಸಿಗುವ ಮುನ್ನ ಅದು ನಿಮ್ಮ ಹಕ್ಕಲ್ಲ. ಆಗ ಕೊಡುವ ಹಣ ಇನ್ನೊಬ್ಬನ ಅವಕಾಶವನ್ನು ಕೊಳ್ಳುವ ಬೆಲೆ. ಅದಕ್ಕೆ ಯಾವ ನೆಪವೂ ಸಲ್ಲದು. ಕೆಲಸ ಮುಗಿಸಿದ ಮೇಲೆ ಬಿಲ್ಲು ನಿಮ್ಮ ಹಕ್ಕು. ಹಕ್ಕು ಪಡೆಯಲು ಅನ್ಯಮಾರ್ಗವಿಲ್ಲದೆ ಕೊಡಬೇಕಾಗಿ ಬಂದವನ ವಿಷಯದಲ್ಲಿ ಪಾಪವು ಕಸಿದುಕೊಂಡವನದೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಆದರೆ ನಿಮಗೆ ನಿಜವಾಗಿ ಅನ್ಯಮಾರ್ಗವಿಲ್ಲವೇ? 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೊಳಗಾಗಿ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ರಕ್ಷಣೆಯಿದೆ. ಸಣ್ಣ ಉದ್ದಿಮೆಗಳು ಪೂರೈಸಿದ ಸರಕು, ಸೇವೆಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ವಿಳಂಬಕ್ಕೆ ಚಕ್ರಬಡ್ಡಿಯನ್ನೂ ಅದು ವಿಧಿಸುತ್ತದೆ. ಬಡ್ಡಿಯ ಹಣವನ್ನು ಏನು ಮಾಡಬೇಕೆಂಬುದನ್ನು ಬಲ್ಲ ವಿದ್ವಾಂಸರಲ್ಲಿ ಕೇಳಿರಿ. ಅಸಲಂತೂ ನಿಮ್ಮದು; ಅದಕ್ಕಾಗಿ ಹೋರಾಡುವುದು ಲಜ್ಜೆಯ ವಿಷಯವಲ್ಲ.

ಪ್ರಾಮಾಣಿಕನಿಗೆ ನಷ್ಟವೇ ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ನನ್ನ ಉದ್ದೇಶವಲ್ಲ. ಕೇಂದ್ರದ ಖರೀದಿಯಲ್ಲಿ, ನಿಮ್ಮ ಬೆಲೆಯು ಕನಿಷ್ಠ ಬೆಲೆಗಿಂತ ಶೇಕಡಾ 15ರಷ್ಟು ಮೇಲಿದ್ದರೂ ಅದೇ ಕನಿಷ್ಠ ಬೆಲೆಗೆ ಒಂದು ಪಾಲು ಪೂರೈಸುವ ಅವಕಾಶ ನಿಮಗಿದೆ. ಆದರೆ ಆ ಕನಿಷ್ಠ ಬೆಲೆಯೇ ಮೋಸದ ಬೆಲೆಯಾಗಿದ್ದರೆ? ಆಗ ಅದನ್ನು ನಿರಾಕರಿಸಬೇಕಾಗುತ್ತದೆ. ಆ ತಿಂಗಳು ಕೆಲಸಗಾರರ ಸಂಬಳಕ್ಕೆ ಕಷ್ಟವಾಗುತ್ತದೆ. ಮನೆಯಲ್ಲಿ ಪ್ರಶ್ನೆಗಳೇಳುತ್ತವೆ. ವಿಶ್ವಾಸದ ಪರೀಕ್ಷೆ ನಡೆಯುವುದು ಇಂತಹ ತಿಂಗಳಲ್ಲೇ ಹೊರತು ಲಾಭದ ತಿಂಗಳಲ್ಲಲ್ಲ.

ಆದ್ದರಿಂದ, ಕಸುಬನ್ನು ಚೆನ್ನಾಗಿ ಕಲಿಯಿರಿ. ನಿಯಮಗಳನ್ನು ಓದಿರಿ. ನಿಮ್ಮ ಕೈಲಾಗುವ ಬೆಲೆಯನ್ನೇ ಬರೆಯಿರಿ. ಗುತ್ತಿಗೆ ಸಿಕ್ಕಿದರೆ, ಅರ್ಥಿಂಗ್‌ನ ಗುಂಡಿ ಮುಚ್ಚುವ ಮುನ್ನ ಒಮ್ಮೆ ಬಗ್ಗಿ ನೋಡಿರಿ. ಮಣ್ಣು ಹಾಕಿದ ಮೇಲೆ ಅದನ್ನು ಯಾವ ಅಧಿಕಾರಿಯೂ ನೋಡಲಾರ. ನೋಡುವವನು ಒಬ್ಬನಿದ್ದಾನೆ. ಗುತ್ತಿಗೆ ಸಿಗದಿದ್ದರೆ, ಶುದ್ಧ ಕೈಗಳೊಂದಿಗೆ ಮನೆಗೆ ಮರಳಿರಿ. ಅನ್ನವನ್ನು ಹೊಣೆ ಹೊತ್ತವನು ಟೆಂಡರ್ ತೆರೆಯುವ ಅಧಿಕಾರಿಯಲ್ಲ.

ನಮ್ಮ ತಕ್ಕಡಿಗಳನ್ನು ನೇರವಾಗಿರಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.