ಮುಳ್ಳಿನ ಮೇಲಣ ನಾಣ್ಯ

ಮಾತನಾಡಿದವನು ಎದುರಿಗಿದ್ದರೆ, ನಾವು ತಪ್ಪಾಗಿ ಕೇಳಿಸಿಕೊಂಡುದನ್ನು ಅವನೇ ತಿದ್ದುತ್ತಾನೆ. ಇಲ್ಲದವನ ದನಿಯನ್ನು ತಪ್ಪಾಗಿ ಕೇಳಿದರೆ ತಿದ್ದುವವರು ಯಾರು? ಈ ಪ್ರಶ್ನೆ ದೊಡ್ಡ ಗ್ರಂಥಗಳಿಗೇ ಮೀಸಲೆಂದು ತೋರಬಹುದು. ಆದರೆ ಹಳೆಯ ರಿಕಾರ್ಡು ಯಂತ್ರವೊಂದನ್ನು ಮೊದಲ ಬಾರಿಗೆ ಅಣಿಗೊಳಿಸಲು ಕುಳಿತವನ ಮುಂದೆಯೂ ಅದು ಬಂದು ನಿಲ್ಲುತ್ತದೆ.

ನಮ್ಮ ಹೊಸೂರು, ಕೃಷ್ಣಗಿರಿಗಳ ಕಡೆ ಅಟ್ಟದಿಂದ ಇಂಥ ಯಂತ್ರವೊಂದು ಇಳಿದು ಬಂದರೆ, ಅದರೊಡನೆ ಇಳಿಯುವ ತಟ್ಟೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆತಿರುವುದು ಸಹಜ. ನಮ್ಮ ಬೀದಿಯ ಮಾತೂ ಹಾಗೆಯೇ ಅಲ್ಲವೆ? ತಮಿಳಿನಲ್ಲಿ ಓದು ಕಲಿತ ಮೊಮ್ಮಗನಿಗೆ ತಟ್ಟೆಯ ಮೇಲಣ ಕನ್ನಡದ ಅಕ್ಷರ ಬಾರದಿರಬಹುದು. ಅವನ ಪಾಲಿಗೆ ಉಳಿದಿರುವುದು ದನಿಯೊಂದೇ.

ತಟ್ಟೆ ತಿರುಗುತ್ತದೆ, ಮುಳ್ಳು ಒಂದೆಡೆ ಹಾರುತ್ತದೆ, ಇಲ್ಲವೆ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಆಗ ಹಲವರು ಬಲ್ಲ ಮದ್ದೊಂದುಂಟು: ತೋಳಿನ ತುದಿಯ ಮೇಲೆ ಒಂದು ನಾಣ್ಯವನ್ನಿಡುವುದು. ಹಾರುವುದು ನಿಲ್ಲುತ್ತದೆ, ಹಾಡು ಮುಂದೆ ಸಾಗುತ್ತದೆ, ಮನೆಯವರು ಮೆಚ್ಚುತ್ತಾರೆ. ಆದರೆ ಆಯಸ್ಕಾಂತದ ಪಿಕಪ್ಪುಳ್ಳ ಯಂತ್ರಗಳಲ್ಲಿ ಮುಳ್ಳಿಗೆ ತಕ್ಕ ಭಾರ ಸಾಮಾನ್ಯವಾಗಿ 1.5ರಿಂದ 3 ಗ್ರಾಂ ಮಾತ್ರ. ರೂಪಾಯಿ ನಾಣ್ಯದ ತೂಕವೇ ಅದಕ್ಕಿಂತ ಹೆಚ್ಚು. ಆ ಹೆಚ್ಚಿನ ಹೊರೆಯನ್ನು ಹೊರುವವರು ನಾವಲ್ಲ, ತಟ್ಟೆಯ ಗೆರೆ. ನಮ್ಮ ನೆಮ್ಮದಿಯ ಬೆಲೆಯನ್ನು ತೆರುವುದು ಬಾಯಿಲ್ಲದ ಆ ದನಿ. ಲಕ್ಷಣವನ್ನು ಅಡಗಿಸಿ ರೋಗ ಹೋಯಿತೆನ್ನುವ ಈ ನಾಣ್ಯವನ್ನು ನಾವು ಸಂಸಾರದಲ್ಲಿಯೂ ಸಮಾಜದಲ್ಲಿಯೂ ಎಷ್ಟು ಕಡೆ ಇಟ್ಟಿದ್ದೇವೆಂಬುದನ್ನು ವಾಚಕರು ತಾವೇ ಎಣಿಸಿಕೊಳ್ಳಬಹುದು.

ಕಾರಣವನ್ನು ಹುಡುಕುವವನ ದಾರಿ ಬೇರೆ. ಮೊದಲು ನೆಲೆ. ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯ ಲಾರಿಗಳ ನಡುಕ ಮುಟ್ಟುವ ಮನೆಯಲ್ಲಿ, ಅಲುಗುವ ಮರದ ಮೇಜಿಗಿಂತ ಈ ಸೀಮೆಯ ಕಲ್ಲಿನ ಚಪ್ಪಡಿ ಮೇಲು. ರಸಮಟ್ಟವಿಟ್ಟು ಅದು ಸಮವಾಗಿದೆಯೆ ಎಂದು ನೋಡಬೇಕು. ಮುಳ್ಳಿನ ತುದಿಯ ಧೂಳನ್ನು ಮೆತ್ತನೆಯ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಸವರಿ ತೆಗೆಯಬೇಕು. 78 ಸುತ್ತಿನ ಅರಗಿನ ತಟ್ಟೆಯ ಗೆರೆ ಅಗಲವಾದುದು. 1948ರಲ್ಲಿ ಬಂದ ಲಾಂಗ್ ಪ್ಲೇ ತಟ್ಟೆಯದು ಕಿರಿದು. ಒಂದರ ಮುಳ್ಳು ಇನ್ನೊಂದಕ್ಕೆ ಸಲ್ಲದು. ಬಳಿಕ ತೋಳಿನ ಹಿಂಬದಿಯ ಗುಂಡನ್ನು ತಿರುಗಿಸುತ್ತ, ತೋಳು ತಕ್ಕಡಿಯ ದಂಡದಂತೆ ಏರದೆ ಇಳಿಯದೆ ನಿಂತಾಗ ಅದನ್ನು ಸೊನ್ನೆಯೆಂದು ಹಿಡಿದು, ಅಲ್ಲಿಂದ ಪಿಕಪ್ಪನ್ನು ಮಾಡಿದವರು ಹೇಳಿದಷ್ಟೇ ಭಾರವನ್ನು ಕೊಡಬೇಕು. ತೀರ ಕಡಿಮೆ ಕೊಟ್ಟರೂ ಕೇಡೇ: ಹಗುರಾದ ಮುಳ್ಳು ನೆಲೆ ತಪ್ಪಿ ಗೆರೆಯ ಗೋಡೆಗಳಿಗೆ ಬಡಿದು ಅವನ್ನು ಕೆಡಿಸುತ್ತದೆ. ಅಳತೆ ತಪ್ಪಿದ ಕರುಣೆಯೂ ಹಿಂಸೆಯಾಗಬಲ್ಲುದು.

ವೇಗದ ಮಾತು ಇನ್ನೂ ಸೂಕ್ಷ್ಮ. ಅಮೆರಿಕದಿಂದ ನಂಟರು ತಂದ ಹಳೆಯ ಯಂತ್ರದ ಮೋಟಾರು ಅಲ್ಲಿಯ 60 ಆವರ್ತದ ವಿದ್ಯುತ್ತನ್ನೇ ನೆಚ್ಚಿ ತಿರುಗುವಂಥದಾದರೆ, ನಮ್ಮ 50 ಆವರ್ತದಲ್ಲಿ ಅದರ ವೇಗ ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸೀತು, ಆವರ್ತವನ್ನು ತಿದ್ದಲಾರದು. ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 28 ಸುತ್ತನ್ನೂ ಮುಟ್ಟದು; ಗಾಯಕಿಯ ಷಡ್ಜ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಕೇಳಿದವರು ಈಕೆಯ ಕಂಠವೇ ಗಡಸೆಂದು ತೀರ್ಪು ಕೊಡುತ್ತಾರೆ. ಯಂತ್ರದ ದೋಷ ವ್ಯಕ್ತಿಯ ದೋಷವೆನಿಸಿತು! 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲು ಧ್ವನಿ ಮುದ್ರಿಸಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಆ ಕಾಲದ ತಟ್ಟೆಗಳೆಲ್ಲವೂ ಸರಿಯಾಗಿ 78 ಸುತ್ತಿನವಲ್ಲ. ವೇಗ ಮೀರಿದರೆ ಹಾಡಿನಲ್ಲಿ ಅಡಗಿದ ಸುಳ್ಳು ಆ ಆಡುಮಾತಿನಲ್ಲಿ ಬಯಲಾಗುತ್ತದೆ. ಹಿರಿಯ ಗಾಯಕಿಯ ಬಾಯಲ್ಲಿ ಮಗುವಿನ ದನಿ ಕೇಳಿಸುತ್ತದೆ.

ಪ್ರತಿಯೊಂದು ಕೇಳ್ವಿಕೆಯೂ ಗೆರೆಯನ್ನು ಕೊಂಚವಾದರೂ ಸವೆಸುವುದರಿಂದ ತಟ್ಟೆಯನ್ನು ಮುಟ್ಟದೆ ಇಡುವುದೇ ಧರ್ಮವಲ್ಲವೆ ಎಂದು ಕೆಲವರು ಕೇಳಬಹುದು. ಅದು ಒಪ್ಪತಕ್ಕ ವಾದವಲ್ಲ. ಯಾರೂ ಕೇಳದ ದನಿ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದರೂ ದನಿಯಾಗಿ ಉಳಿದಿಲ್ಲ. ಸವೆಯುವುದೆಂಬುದನ್ನು ಬಲ್ಲವನೇ ಎಚ್ಚರದಿಂದ ಕೇಳುತ್ತಾನೆ. ಒಮ್ಮೆ ಕೇಳುವಾಗಲೇ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳುತ್ತಾನೆ.

ಆದಕಾರಣ, ದನಿ ಒಡೆದು ಬಂದಾಗ ಹಾಡಿದವರನ್ನಾಗಲಿ ತಟ್ಟೆಯನ್ನಾಗಲಿ ದೂರುವ ಮುನ್ನ ನಮ್ಮ ನೆಲೆ, ನಮ್ಮ ಭಾರ, ನಮ್ಮ ವೇಗಗಳನ್ನು ಪರೀಕ್ಷಿಸುವುದು ಕೇಳುಗನ ಮೊದಲ ಕರ್ತವ್ಯವೆಂದು ನಮಗೆ ತೋರುತ್ತದೆ. ಅಕ್ಷರ ಬಾರದ ಆ ಮೊಮ್ಮಗನಿಗೆ ಅಜ್ಜಿ ಮೆಚ್ಚಿದ ಕನ್ನಡದ ಹಾಡು ಹೇಗಿತ್ತೆಂದು ತಿಳಿಯುವುದು, ನಾವು ಆ ನಾಣ್ಯವನ್ನು ತೆಗೆದಿಟ್ಟು ಕಾರಣವನ್ನು ಹುಡುಕಿದೆವೋ ಇಲ್ಲವೋ ಎಂಬುದರ ಮೇಲೆಯೇ ನಿಂತಿದೆ.